ಬಾಗಿಲಾಚೆ ನಿಂತ ವಕೀಲ

1998ರ ಫೆಬ್ರವರಿ. ವಾಷಿಂಗ್ಟನ್ನಿನ ಫೆಡರಲ್ ಕೋರ್ಟಿಗೆ ಮಾರ್ಸಿಯಾ ಲೂಯಿಸ್ ಎಂಬ ಮಹಿಳೆ ಎರಡು ದಿನ ಸಾಕ್ಷಿ ಹೇಳಲು ಬಂದರು. ತಾವಾಗಿ ಬಂದಿದ್ದಲ್ಲ, ಸಮನ್ಸ್ ಕೊಟ್ಟು ಕರೆಸಿದ್ದು. ಅವರ ಮಗಳ ಹೆಸರು ಮೋನಿಕಾ ಲೆವಿನ್ಸ್ಕಿ. ಅಧ್ಯಕ್ಷ ಬಿಲ್ ಕ್ಲಿಂಟನ್ ಜೊತೆಗಿನ ಸಂಬಂಧದ ಬಗ್ಗೆ ಮಗಳು ಏನೇನು ಹೇಳಿಕೊಂಡಿದ್ದಳು ಅನ್ನೋದನ್ನ ತಾಯಿಯ ಬಾಯಿಂದಲೇ ಕೇಳಬೇಕು ಅಂತ ಸ್ವತಂತ್ರ ಪ್ರಾಸಿಕ್ಯೂಟರ್ ಕೆನೆತ್ ಸ್ಟಾರ್ ತೀರ್ಮಾನಿಸಿದ್ದರು. ಮಾರ್ಸಿಯಾ ಒಳಗೆ ಹೋದರು, ಅವರ ವಕೀಲರು ಬಾಗಿಲ ಹೊರಗೆ ಉಳಿದರು. ಎರಡನೇ ದಿನ ಆಕೆ ದುಃಖ ತಡೆಯಲಾರದೆ ಕುಸಿದುಹೋದರು. ಅವತ್ತಿನ ವಿಚಾರಣೆ ಅಲ್ಲಿಗೇ ನಿಂತಿತು.

ಅದೇ ವರ್ಷ ಆಗಸ್ಟ್ 17ಕ್ಕೆ ಅದೇ ತನಿಖೆಯಲ್ಲಿ ಇನ್ನೊಬ್ಬರ ಸಾಕ್ಷಿ ಆಯ್ತು. ಅವರು ಖುದ್ದು ಬಿಲ್ ಕ್ಲಿಂಟನ್. ಅವರಿಗೂ ಸಮನ್ಸ್ ಹೋಗಿತ್ತು. ಆದರೆ ಎರಡೂ ಕಡೆಯ ವಕೀಲರು ಕೂತು ಮಾತಾಡಿ, ಷರತ್ತುಗಳನ್ನ ಗೊತ್ತುಮಾಡಿಕೊಂಡ ಮೇಲೆ ಆ ಸಮನ್ಸ್ ವಾಪಸ್ಸಾಯಿತು. ಕ್ಲಿಂಟನ್ ಕೋರ್ಟಿಗೆ ಬರಲಿಲ್ಲ. ಶ್ವೇತಭವನದ ಒಂದು ಕೋಣೆಯಲ್ಲಿ ಕ್ಯಾಮೆರಾ ಮುಂದೆ ಕೂತರು. ಅವರ ವಕೀಲರು ಅದೇ ಕೋಣೆಯಲ್ಲಿದ್ದರು. ನಾಲ್ಕು ಗಂಟೆಗಿಂತ ಹೆಚ್ಚು ಪ್ರಶ್ನೆ ಕೇಳುವ ಹಾಗಿಲ್ಲ ಅಂತ ಮೊದಲೇ ಒಪ್ಪಂದ ಆಗಿತ್ತು.

ತನಿಖೆ ಒಂದೇ, ಪ್ರಮಾಣವಚನ ಒಂದೇ. ಒಬ್ಬರಿಗೆ ಪಕ್ಕದಲ್ಲೇ ವಕೀಲರು, ಇನ್ನೊಬ್ಬರಿಗೆ ಬಾಗಿಲಾಚೆ. ಸಾಕ್ಷಿಯನ್ನ ಬಲವಂತವಾಗಿ ಮಾತಾಡಿಸೋದು ನ್ಯಾಯವೇ ಅನ್ನೋ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗೋದು ಈ ಎರಡು ದೃಶ್ಯಗಳೇ. ಇದನ್ನ ಅರ್ಥ ಮಾಡ್ಕೊಳ್ಳೋಕೆ ಗ್ರ್ಯಾಂಡ್ ಜ್ಯೂರಿ ಅನ್ನೋ ವಿಚಿತ್ರ ಸಂಸ್ಥೆಯ ಕತೆಯನ್ನ ಸ್ವಲ್ಪ ಹಿಂದಿನಿಂದ ನೋಡಬೇಕು.

ಅಮೆರಿಕದ ಸೀರಿಯಲ್ಲು, ಸಿನಿಮಾಗಳಲ್ಲಿ ನಾವು ನೋಡೋ ಹನ್ನೆರಡು ಜನರ ಜ್ಯೂರಿ ಬೇರೆ, ಗ್ರ್ಯಾಂಡ್ ಜ್ಯೂರಿ ಬೇರೆ. ಮೊದಲನೆಯದು ಅಪರಾಧಿಯೋ ಅಲ್ಲವೋ ಅಂತ ತೀರ್ಮಾನ ಮಾಡುತ್ತೆ. ಗ್ರ್ಯಾಂಡ್ ಜ್ಯೂರಿಯ ಕೆಲಸ ಅದಕ್ಕೂ ಮುಂಚೆ: ಈ ಮನುಷ್ಯನ ಮೇಲೆ ಕೇಸು ಹಾಕೋಕೆ ಸಾಕಷ್ಟು ಆಧಾರ ಇದೆಯೇ ಅಂತ ನೋಡೋದು. ಫೆಡರಲ್ ಮಟ್ಟದಲ್ಲಿ 16ರಿಂದ 23 ಜನ ಸಾಮಾನ್ಯ ನಾಗರಿಕರು ಇರುತ್ತಾರೆ, ಅವರಲ್ಲಿ 12 ಜನ ಒಪ್ಪಿದರೆ ದೋಷಾರೋಪ ಹೊರಬರುತ್ತೆ. ಕೋಣೆಯೊಳಗೆ ನ್ಯಾಯಾಧೀಶರಿಲ್ಲ. ಆರೋಪ ಹೊರುವವನ ಪರವಾಗಿ ಯಾರೂ ಇಲ್ಲ. ಪ್ರಶ್ನೆ ಕೇಳೋದು ಸರ್ಕಾರದ ವಕೀಲ. ಸಾಕ್ಷಿಗೆ ವಕೀಲರ ಸಲಹೆ ಬೇಕಾದರೆ ಅನುಮತಿ ಕೇಳಿ ಎದ್ದು ಹೊರಗೆ ಹೋಗಿ, ಕಾರಿಡಾರಿನಲ್ಲಿ ಪಿಸುಗುಟ್ಟಿ, ಮತ್ತೆ ಒಳಗೆ ಬರಬೇಕು. ಅಲ್ಲಿ ನಡೆದದ್ದು ಗುಟ್ಟು.

ಇಂಥದ್ದೊಂದನ್ನ ಯಾರು, ಯಾಕೆ ಕಟ್ಟಿದರು? ಕತೆ ಶುರುವಾಗೋದು 1166ರಲ್ಲಿ. ಇಂಗ್ಲೆಂಡಿನ ರಾಜ ಎರಡನೇ ಹೆನ್ರಿ ಕ್ಲಾರೆಂಡನ್ ಎಂಬಲ್ಲಿ ಒಂದು ಶಾಸನ ಹೊರಡಿಸಿದ. ಪ್ರತಿ ಹೋಬಳಿಯಂಥ ಘಟಕದಿಂದ ಹನ್ನೆರಡು ಜನ, ಪ್ರತಿ ಊರಿನಿಂದ ನಾಲ್ಕು ಜನ ಪ್ರಮಾಣ ಮಾಡಿ, ತಮ್ಮ ಸೀಮೆಯಲ್ಲಿ ಕಳ್ಳರು, ಕೊಲೆಗಾರರು, ದರೋಡೆಕೋರರು ಯಾರು ಅಂತ ರಾಜನ ಅಧಿಕಾರಿಗಳಿಗೆ ಹೇಳಬೇಕು. ಹೆಸರು ಬಂದವನಿಗೆ ನೀರಿನ ದಿವ್ಯ, ಅಂದರೆ ನೀರಿಗಿಳಿಸಿ ದೇವರ ತೀರ್ಪು ನೋಡೋದು. ಇಲ್ಲಿ ಒಂದು ವಿಷಯ ಗಮನಿಸಿ. ಆ ಹನ್ನೆರಡು ಜನಕ್ಕೆ ಹೊರಗಿನಿಂದ ಸಾಕ್ಷಿ ಕರೆಸೋ ಅಗತ್ಯವೇ ಇರಲಿಲ್ಲ, ಅವರೇ ಸಾಕ್ಷಿಗಳು. ಊರಿನವರಿಗೆ ಊರಿನ ವಿಷಯ ಗೊತ್ತಿರುತ್ತಿತ್ತು. ಅಂದರೆ ಇದು ಮೊದಲ ದಿನ ರಾಜನ ಕಿವಿಯಾಗಿತ್ತೇ ಹೊರತು ಪ್ರಜೆಯ ಗುರಾಣಿ ಆಗಿರಲಿಲ್ಲ.

ಗುರಾಣಿ ಆಗೋಕೆ ಇನ್ನೂ ಐನೂರು ವರ್ಷ ಬೇಕಾಯ್ತು. ಅಷ್ಟರಲ್ಲಿ ಊರುಗಳು ದೊಡ್ಡವಾಗಿದ್ದವು, ಜ್ಯೂರಿಯವರಿಗೆ ಎಲ್ಲವೂ ಗೊತ್ತಿರೋದು ಸಾಧ್ಯವಿರಲಿಲ್ಲ, ಹೊರಗಿನವರನ್ನ ಕರೆಸಿ ಗುಟ್ಟಾಗಿ ಕೇಳೋ ಪದ್ಧತಿ ಬಂದಿತ್ತು. 1681ರಲ್ಲಿ ರಾಜ ಎರಡನೇ ಚಾರ್ಲ್ಸ್ ತನ್ನ ರಾಜಕೀಯ ವಿರೋಧಿ ಶಾಫ್ಟ್ಸ್‌ಬರಿಯ ಮೇಲೆ ರಾಜದ್ರೋಹದ ಆರೋಪ ಹೊರಿಸಲು ಹೊರಟ. ಲಂಡನ್ನಿನ ಗ್ರ್ಯಾಂಡ್ ಜ್ಯೂರಿ ಮುಂದೆ ಸಾಕ್ಷಿಗಳು ಬಂದರು. ಮುಚ್ಚಿದ ಕೋಣೆಯಲ್ಲಿ ನಾವೇ ವಿಚಾರಿಸ್ತೀವಿ ಅಂದರು ಜ್ಯೂರಿಯವರು. ಆಗಲ್ಲ, ಬಹಿರಂಗವಾಗಿ ಕೋರ್ಟಿನಲ್ಲೇ ಆಗಬೇಕು ಅಂದರು ರಾಜನ ಕಡೆಯವರು. ಎಲ್ಲರ ಕಣ್ಣೆದುರು ರಾಜನ ವಿರುದ್ಧ ನಿಲ್ಲೋ ಧೈರ್ಯ ಯಾರಿಗಿದೆ ಅನ್ನೋ ಲೆಕ್ಕಾಚಾರ ಅದರಲ್ಲಿತ್ತು. ಆದರೂ ಜ್ಯೂರಿ ಬಗ್ಗಲಿಲ್ಲ, ಆರೋಪವನ್ನ ತಿರಸ್ಕರಿಸಿತು. ಅದೇ ವರ್ಷ ಸ್ಟೀಫನ್ ಕಾಲೇಜ್ ಎಂಬ ಬಡಗಿಯ ಮೇಲಿನ ಇಂಥದ್ದೇ ಆರೋಪವನ್ನೂ ಲಂಡನ್ ಜ್ಯೂರಿ ತಳ್ಳಿಹಾಕಿತ್ತು. ಪಾಪ, ಅವನ ಕೇಸನ್ನ ಆಕ್ಸ್‌ಫರ್ಡಿಗೆ ಒಯ್ದು, ಬೇರೆ ಜ್ಯೂರಿ ಮುಂದಿಟ್ಟು, ಗಲ್ಲಿಗೇರಿಸಿದರು.

ಹಾಗಾಗಿ ಗುಟ್ಟು ಅನ್ನೋದು ಆ ಕಾಲದಲ್ಲಿ ಪ್ರಜೆಗೆ ಸಿಕ್ಕ ರಕ್ಷಣೆ. ರಾಜನಿಗೆ ಕೇಳಿಸದ ಹಾಗೆ ಮಾತಾಡೋಕೆ ಒಂದು ಕೋಣೆ ಬೇಕಿತ್ತು. ಅಮೆರಿಕದಲ್ಲೂ ಇದೇ ನಡೆಯಿತು. ನ್ಯೂಯಾರ್ಕಿನ ಮುದ್ರಕ ಜಾನ್ ಪೀಟರ್ ಜೆಂಗರ್ ಬ್ರಿಟಿಷ್ ಗವರ್ನರನನ್ನ ಟೀಕಿಸಿದ ಪತ್ರಿಕೆ ಅಚ್ಚು ಹಾಕಿದ. ಅವನ ಮೇಲೆ ಆರೋಪ ಹೊರಿಸಲು ಗ್ರ್ಯಾಂಡ್ ಜ್ಯೂರಿ ಒಪ್ಪಲೇ ಇಲ್ಲ. ಗವರ್ನರನ ಕಡೆಯವರು ಅಡ್ಡದಾರಿ ಹಿಡಿದು ಕೇಸು ಹಾಕಬೇಕಾಯ್ತು. 1735ರಲ್ಲಿ ವಿಚಾರಣೆಯ ಜ್ಯೂರಿ ಅವನನ್ನ ಬಿಡುಗಡೆ ಮಾಡಿತು.

ಇದರ ಜೊತೆಜೊತೆಗೆ ಇನ್ನೊಂದು ಕತೆ ಸಾಗ್ತಾ ಇತ್ತು. ಇಂಗ್ಲೆಂಡಿನಲ್ಲಿ ಸ್ಟಾರ್ ಚೇಂಬರ್ ಅಂತ ರಾಜನ ಒಂದು ನ್ಯಾಯಾಲಯ. ಅಲ್ಲಿ ಕರೆಸಿಕೊಂಡವನು ಮೊದಲು ಪ್ರಮಾಣ ಮಾಡಬೇಕು: ಏನೇ ಕೇಳಿದರೂ ನಿಜ ಹೇಳ್ತೀನಿ ಅಂತ. ಏನು ಕೇಳ್ತಾರೆ, ಆರೋಪ ಏನು ಅನ್ನೋದು ಆಮೇಲೆ. ನಿಜ ಹೇಳಿದರೆ ತನ್ನ ಕತ್ತಿಗೆ ತಾನೇ ಹಗ್ಗ. ಸುಳ್ಳು ಹೇಳಿದರೆ ದೇವರ ಮೇಲೆ ಆಣೆಯಿಟ್ಟ ಪಾಪ, ಜೊತೆಗೆ ಶಿಕ್ಷೆ. ಬಾಯಿ ಮುಚ್ಚಿಕೊಂಡರೆ ಅವಿಧೇಯತೆ ಅಂತ ಜೈಲು. ಜಾನ್ ಲಿಲ್ಬರ್ನ್ ಎಂಬ ಯುವಕ ಈ ಪ್ರಮಾಣ ಮಾಡಲ್ಲ ಅಂತ ಹಟ ಹಿಡಿದ. 1638ರಲ್ಲಿ ಅವನನ್ನ ಗಾಡಿಯ ಹಿಂದೆ ಕಟ್ಟಿ ಲಂಡನ್ ಬೀದಿಗಳಲ್ಲಿ ಚಾಟಿಯೇಟು ಹೊಡೆಯುತ್ತಾ ಕರೆದೊಯ್ದರು. ಅವನು ದಾರಿಯುದ್ದಕ್ಕೂ ಜನರೊಡನೆ ಮಾತಾಡುತ್ತಲೇ ಹೋದ. 1641ರಲ್ಲಿ ಸ್ಟಾರ್ ಚೇಂಬರೇ ರದ್ದಾಯ್ತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಒತ್ತಾಯಿಸಬಾರದು ಅನ್ನೋ ತತ್ವಕ್ಕೆ ಇಂಥ ಬೆನ್ನುಗಳ ಮೇಲೆ ಬಿದ್ದ ಏಟುಗಳ ಇತಿಹಾಸ ಇದೆ.

1791ರಲ್ಲಿ ಜಾರಿಯಾದ ಅಮೆರಿಕ ಸಂವಿಧಾನದ ಐದನೇ ತಿದ್ದುಪಡಿಯಲ್ಲಿ ಈ ಎರಡೂ ಕತೆಗಳು ಒಂದೇ ವಾಕ್ಯದಲ್ಲಿ ಬಂದು ಸೇರಿಕೊಂಡವು. ಗ್ರ್ಯಾಂಡ್ ಜ್ಯೂರಿ ಒಪ್ಪದೆ ಯಾರ ಮೇಲೂ ಗಂಭೀರ ಅಪರಾಧದ ಕೇಸು ಹಾಕುವಂತಿಲ್ಲ, ಯಾರನ್ನೂ ತನ್ನ ವಿರುದ್ಧ ಸಾಕ್ಷಿಯಾಗುವಂತೆ ಒತ್ತಾಯಿಸುವಂತಿಲ್ಲ. ಬರೆದವರಿಗೆ ಇವೆರಡೂ ಒಂದೇ ಕಡೆ ನಿಂತ ಕಾವಲುಗಾರರು. ಮುಂದೊಂದು ದಿನ ಇಬ್ಬರೂ ಎದುರಾಬದುರಾ ನಿಲ್ಲಬಹುದು ಅಂತ ಅವರು ಅಂದುಕೊಂಡಿರಲಾರರು.

ಎದುರಾಬದುರಾ ನಿಂತಿದ್ದು ಶಿಕಾಗೋದ ಒಬ್ಬ ಧಾನ್ಯ ವ್ಯಾಪಾರಿಯ ಕೇಸಿನಲ್ಲಿ. ಚಾರ್ಲ್ಸ್ ಕೌನ್ಸೆಲ್‌ಮನ್ ದೊಡ್ಡ ಕುಳ. ರೈಲ್ವೆ ಕಂಪನಿಗಳು ಪ್ರಕಟಿತ ದರಕ್ಕಿಂತ ಕಡಿಮೆ ಬೆಲೆಗೆ ದೊಡ್ಡ ವ್ಯಾಪಾರಿಗಳ ಸರಕು ಸಾಗಿಸ್ತಿವೆ ಅಂತ ತನಿಖೆ ನಡೀತಿತ್ತು. ನಿನಗೂ ಹಾಗೆ ರಿಯಾಯಿತಿ ಸಿಕ್ಕಿತ್ತಾ ಅಂತ ಗ್ರ್ಯಾಂಡ್ ಜ್ಯೂರಿ ಕೇಳಿತು. ಉತ್ತರ ಕೊಟ್ಟರೆ ನನ್ನ ಮೇಲೇ ಕೇಸು ಬೀಳುತ್ತೆ, ಹೇಳಲ್ಲ ಅಂದ. 1892ರಲ್ಲಿ ಸುಪ್ರೀಂ ಕೋರ್ಟ್ ಅವನ ಪರ ನಿಂತಿತು: ಮೌನದ ಹಕ್ಕು ಆರೋಪಿಗೆ ಮಾತ್ರ ಅಲ್ಲ, ಗ್ರ್ಯಾಂಡ್ ಜ್ಯೂರಿ ಮುಂದೆ ಬರೋ ಸಾಕ್ಷಿಗೂ ಇದೆ. ಅವನ ಬಾಯಿ ಬಿಡಿಸಬೇಕಾದರೆ, ಅವನು ಹೇಳೋ ಅಪರಾಧಕ್ಕೆ ಪೂರ್ತಿ ಮಾಫಿ ಕೊಡಬೇಕು.

ಸರಿ, ಪೂರ್ತಿ ಮಾಫಿ ಕೊಡ್ತೀವಿ ಅಂತ ಮರುವರ್ಷವೇ ಅಮೆರಿಕದ ಸಂಸತ್ತು ಕಾನೂನು ಮಾಡಿತು. ಇದಕ್ಕೆ ಇಮ್ಯೂನಿಟಿ ಅಂತ ಹೆಸರು. ನೋಡೋಕೆ ಉದಾರವಾಗಿದೆ. ಆದರೆ ಒಳಗಿನ ತಿರುವು ನೋಡಿ: ಬೇಡ ಅನ್ನೋ ಸ್ವಾತಂತ್ರ್ಯ ಇಲ್ಲದ ಉಡುಗೊರೆ ಇದು. ನಿನಗೆ ಇಮ್ಯೂನಿಟಿ ಕೊಟ್ಟಾಯ್ತು, ಇನ್ನು ನಿನ್ನ ಮಾತು ನಿನಗೆ ಅಪಾಯ ಅಲ್ಲ, ಆದ್ದರಿಂದ ಮೌನದ ಹಕ್ಕೂ ಇಲ್ಲ, ಮಾತಾಡು. ಮಾತಾಡದಿದ್ದರೆ ಜೈಲು.

1970ರಲ್ಲಿ, ಮಾಫಿಯಾ ಗ್ಯಾಂಗುಗಳನ್ನ ಮಟ್ಟ ಹಾಕೋ ಕಾನೂನಿನ ಜೊತೆ, ಈ ಉಡುಗೊರೆಯನ್ನೂ ಚಿಕ್ಕದು ಮಾಡಿದರು. ಈಗ ಅಪರಾಧಕ್ಕೆ ಮಾಫಿ ಇಲ್ಲ. ನೀನು ಹೇಳಿದ ಮಾತನ್ನಾಗಲೀ, ಅದರಿಂದ ಸಿಕ್ಕ ಸುಳಿವನ್ನಾಗಲೀ ನಿನ್ನ ವಿರುದ್ಧ ಬಳಸಲ್ಲ, ಅಷ್ಟೇ. ಬೇರೆ ದಾರಿಯಿಂದ ಸಾಕ್ಷ್ಯ ಸಿಕ್ಕರೆ ಅದೇ ಅಪರಾಧಕ್ಕೆ ಕೇಸು ಹಾಕಬಹುದು. 1972ರ ಕಾಸ್ಟಿಗರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನ ಒಪ್ಪಿಕೊಂಡಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಎತ್ತಿದ ಪ್ರಶ್ನೆ ಸರಳ: ಸುಳಿವು ಎಲ್ಲಿಂದ ಬಂತು ಅನ್ನೋದು ಗೊತ್ತಿರೋದು ಸರ್ಕಾರಕ್ಕೆ ಮಾತ್ರ, ಅದನ್ನ ಬೇರೆಯವರು ಪರೀಕ್ಷೆ ಮಾಡೋದು ಹೇಗೆ?

ನಮ್ಮ ಸಾಫ್ಟ್‌ವೇರ್ ಮಂದಿಗೆ ಈ ಪ್ರಶ್ನೆ ಬೇಗ ಅರ್ಥವಾಗುತ್ತೆ. ಪ್ರತಿಸ್ಪರ್ಧಿ ಕಂಪನಿಯ ಉತ್ಪನ್ನದಂಥದ್ದನ್ನೇ ಕಾಪಿ ಮಾಡದೆ ಕಟ್ಟಬೇಕು ಅಂದಾಗ ಕ್ಲೀನ್ ರೂಮ್ ಅನ್ನೋ ಪದ್ಧತಿ ಅನುಸರಿಸ್ತಾರೆ. ಅವರ ಸೋರ್ಸ್ ಕೋಡ್ ನೋಡಿದವನನ್ನ ಬರೆಯೋ ತಂಡಕ್ಕೆ ಸೇರಿಸಲ್ಲ. ಯಾಕಂದರೆ ಒಮ್ಮೆ ನೋಡಿದವನು "ಇದು ನನ್ನ ಸ್ವಂತ ಐಡಿಯಾ" ಅಂತ ಎಷ್ಟು ಪ್ರಾಮಾಣಿಕವಾಗಿ ಹೇಳಿದರೂ ಸಾಬೀತು ಮಾಡಲಾಗಲ್ಲ, ಕೆಲವೊಮ್ಮೆ ಅವನಿಗೇ ಗೊತ್ತಿರಲ್ಲ. 1987ರಲ್ಲಿ ಇರಾನ್-ಕಾಂಟ್ರಾ ಹಗರಣದಲ್ಲಿ ಆಲಿವರ್ ನಾರ್ತ್ ಎಂಬ ಸೇನಾಧಿಕಾರಿ ಇಂಥದ್ದೇ ಇಮ್ಯೂನಿಟಿ ಪಡೆದು ಸಂಸತ್ ಸಮಿತಿಯ ಮುಂದೆ ಮಾತಾಡಿದ, ದೇಶವೇ ಟೀವಿಯಲ್ಲಿ ನೋಡಿತು. ಆಮೇಲೆ ಅವನಿಗೆ ಶಿಕ್ಷೆಯೂ ಆಯ್ತು. ಆದರೆ ಕೇಸಿನ ಸಾಕ್ಷಿಗಳು ಆ ಟೀವಿ ಹೇಳಿಕೆಯ ಪ್ರಭಾವಕ್ಕೆ ಒಳಗಾಗಿರಬಹುದು ಅಂತ 1990ರಲ್ಲಿ ಮೇಲ್ಮನವಿ ಕೋರ್ಟ್ ಆ ಶಿಕ್ಷೆಯನ್ನ ಎತ್ತಿಹಾಕಿತು. ಅವನು ಮಾತಾಡಿದ್ದು ಎಲ್ಲರ ಕಣ್ಣೆದುರು, ಹಾಗಾಗಿ ವಾದ ಮಾಡೋಕೆ ದಾರಿ ಇತ್ತು. ಮುಚ್ಚಿದ ಕೋಣೆಯಲ್ಲಿ ಮಾತಾಡಿದ ಸಾಮಾನ್ಯನಿಗೆ ಆ ದಾರಿ ಬಹಳ ಕಿರಿದು.

ಇನ್ನು ಜೈಲಿನ ವಿಷಯ. ಉತ್ತರಿಸದ ಸಾಕ್ಷಿಯನ್ನ ಗ್ರ್ಯಾಂಡ್ ಜ್ಯೂರಿಯ ಅವಧಿ ಮುಗಿಯೋವರೆಗೆ, ಗರಿಷ್ಠ 18 ತಿಂಗಳು ಒಳಗಿಡಬಹುದು. ಇದು ಶಿಕ್ಷೆ ಅಲ್ಲ, ಬರೀ ಒತ್ತಾಯ ಅನ್ನುತ್ತೆ ಕಾನೂನು. ಜೈಲಿನ ಬೀಗದಕೈ ಆ ವ್ಯಕ್ತಿಯ ಜೇಬಿನಲ್ಲೇ ಇದೆ, ಮಾತಾಡಿದ ಕ್ಷಣ ಹೊರಬರಬಹುದು ಅಂತ ಅಲ್ಲಿನ ನ್ಯಾಯಾಧೀಶರು ನೂರು ವರ್ಷದಿಂದ ಹೇಳಿಕೊಂಡು ಬಂದಿದ್ದಾರೆ. ಸೂಸನ್ ಮ್ಯಾಕ್‌ಡೂಗಲ್ ಕ್ಲಿಂಟನ್ ದಂಪತಿಯ ಹಳೆಯ ಭೂವ್ಯವಹಾರದ ಪಾಲುದಾರರು. ಸ್ಟಾರ್ ಅವರ ಪ್ರಶ್ನೆಗಳಿಗೆ ಉತ್ತರಿಸದೆ 1996ರಿಂದ 18 ತಿಂಗಳು ಪೂರ್ತಿ ಜೈಲಿನಲ್ಲಿದ್ದರು. ನಾನು ನಿಜ ಹೇಳಿದರೂ ಅದು ಅವರಿಗೆ ಬೇಕಾದ ನಿಜ ಅಲ್ಲದಿದ್ದರೆ ಸುಳ್ಳುಸಾಕ್ಷಿ ಅಂತ ಇನ್ನೊಂದು ಕೇಸು ಹಾಕ್ತಾರೆ ಅನ್ನೋದು ಆಕೆಯ ಭಯ. ಲಿಲ್ಬರ್ನ್ ಕಂಡ ಇಕ್ಕಟ್ಟೇ ಬೇರೆ ವೇಷ ಹಾಕಿಕೊಂಡು ಬಂದಿತ್ತು.

ಚೆಲ್ಸಿ ಮ್ಯಾನಿಂಗ್ ಕತೆ ಇನ್ನೂ ಕಟು. ವಿಕಿಲೀಕ್ಸ್‌ಗೆ ದಾಖಲೆ ಕೊಟ್ಟಿದ್ದಕ್ಕೆ ಆಕೆಗೆ 2013ರಲ್ಲೇ ಸೇನಾ ನ್ಯಾಯಾಲಯದಲ್ಲಿ ಶಿಕ್ಷೆಯಾಗಿತ್ತು, ಒಬಾಮ ಆ ಶಿಕ್ಷೆಯನ್ನ ಕಡಿತ ಮಾಡಿದ್ದರಿಂದ ಹೊರಗೆ ಬಂದಿದ್ದರು. 2019ರ ಮಾರ್ಚಿನಲ್ಲಿ ಮತ್ತೆ ಗ್ರ್ಯಾಂಡ್ ಜ್ಯೂರಿ ಕರೆಯಿತು. ಒಪ್ಪಲಿಲ್ಲ, 62 ದಿನ ಜೈಲು. ಆ ಜ್ಯೂರಿಯ ಅವಧಿ ಮುಗಿದು ಹೊರಬಂದರು. ಒಂದು ವಾರದಲ್ಲಿ ಹೊಸ ಜ್ಯೂರಿ, ಮತ್ತೆ ಜೈಲು. ಈ ಸಲ ದಂಡವೂ ಸೇರಿತು: ಮೊದಲು ದಿನಕ್ಕೆ 500 ಡಾಲರ್, ಆಮೇಲೆ 1,000. 2020ರ ಮಾರ್ಚ್ 12ಕ್ಕೆ ಬಿಡುಗಡೆಯಾದಾಗ ದಂಡದ ಮೊತ್ತ 2,56,000 ಡಾಲರ್. ಬಿಟ್ಟಿದ್ದು ಯಾಕೆ? ಜ್ಯೂರಿಯ ಕೆಲಸ ಮುಗಿದಿದೆ, ಇನ್ನು ಆಕೆಯ ಸಾಕ್ಷಿ ಬೇಕಿಲ್ಲ ಅಂತ. ಆಕೆ ಬಾಯಿ ಬಿಡದೆಯೇ ಕೆಲಸ ಮುಗಿದಿತ್ತು.

ಇಷ್ಟೆಲ್ಲ ಓದಿ, ಹಾಗಾದ್ರೆ ಸಾಕ್ಷಿಗಳನ್ನ ಬಲವಂತ ಮಾಡೋದೇ ತಪ್ಪು ಅಂತ ನೀವಂದರೆ, ನಾನು ಒಪ್ಪಲ್ಲ. ಹಳ್ಳಿಯಲ್ಲಿ ಬೆಳೆದವರಿಗೆ ಇದು ಗೊತ್ತು. ರಾತ್ರೋರಾತ್ರಿ ಬಾಂದು ಕಲ್ಲು ಕಿತ್ತು ಬಡವನ ಹೊಲದೊಳಕ್ಕೆ ನೆಟ್ಟವರು ಯಾರು ಅಂತ ಇಡೀ ಊರಿಗೆ ತಿಳಿದಿರುತ್ತೆ. ಪಂಚಾಯ್ತಿ ಕಟ್ಟೆಯಲ್ಲಿ ಕೇಳಿದರೆ ಎಲ್ಲರೂ ನೆಲ ನೋಡ್ತಾರೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನೋ ಗಾದೆ ಸಾಕ್ಷಿ ಹೇಳಬೇಕಾದವನಿಗೂ ನೆನಪಿರುತ್ತೆ, ನಮಗ್ಯಾಕೆ ಊರ ಉಸಾಬರಿ ಅಂತ ಸುಮ್ಮನಾಗ್ತಾನೆ. ಮಾತಾಡೋದು ಅವರವರ ಇಷ್ಟಕ್ಕೆ ಬಿಟ್ಟದ್ದು ಅಂತಾದರೆ ಗೆಲ್ಲೋದು ಕಲ್ಲು ಕಿತ್ತವನೇ. ಕಾನೂನಿನ ಎದುರು ಯಾರೇ ಆಗಲಿ ಗೊತ್ತಿದ್ದನ್ನ ಹೇಳಲೇಬೇಕು ಅನ್ನೋ ನಿಯಮದ ಹಿಂದೆ ಸಮಾನತೆಯ ತತ್ವ ಇದೆ. 1974ರಲ್ಲಿ ಅಧ್ಯಕ್ಷ ನಿಕ್ಸನ್ ತನ್ನ ಕೋಣೆಯ ಟೇಪುಗಳನ್ನ ಕೊಡಲ್ಲ ಅಂದಾಗ, ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ 8-0 ತೀರ್ಪು ಕೊಟ್ಟಿದ್ದು ಇದೇ ತತ್ವದ ಮೇಲೆ. ಎರಡು ವಾರದಲ್ಲಿ ಅವರು ಕುರ್ಚಿ ಬಿಟ್ಟರು.

ಹಾಗಾಗಿ ಒತ್ತಾಯ ಇರಬೇಕು. ನನ್ನ ತಕರಾರು ಇರೋದು ಒತ್ತಾಯ ಯಾವ ಕೋಣೆಯಲ್ಲಿ, ಯಾರ ಎದುರು, ಯಾರ ಪಕ್ಕದಲ್ಲಿ ಕೂತು ನಡೆಯುತ್ತೆ ಅನ್ನೋದರ ಬಗ್ಗೆ. 1681ರಲ್ಲಿ ಮುಚ್ಚಿದ ಬಾಗಿಲು ರಾಜನನ್ನ ಹೊರಗಿಟ್ಟಿತು. ಈಗ ರಾಜನ ಜಾಗದಲ್ಲಿರೋ ಪ್ರಾಸಿಕ್ಯೂಟರ್ ಒಳಗಿದ್ದಾನೆ, ಅದೇ ಬಾಗಿಲು ಸಾಕ್ಷಿಯ ವಕೀಲನನ್ನ ಹೊರಗಿಟ್ಟಿದೆ. ಬಾಗಿಲು ಅದೇ, ಒಳಗಿರೋರು ಬದಲಾಗಿದ್ದಾರೆ. ನಾವು ಹಳೇ ಕೋಡಿನಲ್ಲಿ ನೋಡ್ತೀವಲ್ಲ, ಯಾವುದೋ ಕಾಲದಲ್ಲಿ ಯಾವುದೋ ದಾಳಿ ತಡೆಯೋಕೆ ಬರೆದ ಸಾಲು, ಸುತ್ತಲಿನದೆಲ್ಲ ಬದಲಾದ ಮೇಲೆ ಅದೇ ಸಾಲು ತೊಂದರೆ ಕೊಡ್ತಾ ಇರುತ್ತೆ, ಹಾಗೆ. ನ್ಯೂಯಾರ್ಕಿನ ಮುಖ್ಯ ನ್ಯಾಯಾಧೀಶರಾಗಿದ್ದ ಸಾಲ್ ವಾಕ್ಟ್ಲರ್ 1985ರಲ್ಲಿ, ಪ್ರಾಸಿಕ್ಯೂಟರ್ ಮನಸ್ಸು ಮಾಡಿದರೆ ಗ್ರ್ಯಾಂಡ್ ಜ್ಯೂರಿಯಿಂದ ಒಂದು ಸ್ಯಾಂಡ್‌ವಿಚ್ ಮೇಲೂ ದೋಷಾರೋಪ ಹೊರಿಸಬಹುದು ಅಂತ ತಮಾಷೆ ಮಾಡಿದ್ದರು. ಕೆಲವು ವರ್ಷಗಳ ನಂತರ ಫೆಡರಲ್ ಗ್ರ್ಯಾಂಡ್ ಜ್ಯೂರಿ ಖುದ್ದು ಅವರ ಮೇಲೇ ದೋಷಾರೋಪ ಹೊರಿಸಿತು.

ಸರಿಪಡಿಸೋದು ಅಸಾಧ್ಯವೇನಲ್ಲ. ಹುಟ್ಟಿದ ಮನೆಯಾದ ಇಂಗ್ಲೆಂಡೇ 1933ರಲ್ಲಿ ಗ್ರ್ಯಾಂಡ್ ಜ್ಯೂರಿಗಳನ್ನ ಬಹುತೇಕ ಕೈಬಿಟ್ಟಿತು. ಅಮೆರಿಕದಲ್ಲೇ ಹಲವು ರಾಜ್ಯಗಳು ಸಾಕ್ಷಿಯ ವಕೀಲನನ್ನ ಒಳಗೆ ಬಿಡುತ್ತವೆ, ಅಲ್ಲೇನೂ ನ್ಯಾಯ ಕುಸಿದುಬಿದ್ದಿಲ್ಲ. ನ್ಯೂಯಾರ್ಕ್ ರಾಜ್ಯದ ಗ್ರ್ಯಾಂಡ್ ಜ್ಯೂರಿ ಮುಂದೆ ಸಾಕ್ಷಿ ಹೇಳಿದವನಿಗೆ ಸಾಮಾನ್ಯವಾಗಿ ಪೂರ್ತಿ ಮಾಫಿ ತಾನಾಗಿಯೇ ಸಿಗುತ್ತೆ. ಫೆಡರಲ್ ಕೋರ್ಟುಗಳು ಗಂಡ-ಹೆಂಡತಿಯ ಮಾತಿಗೆ, ವಕೀಲ-ಕಕ್ಷಿದಾರರ ಮಾತಿಗೆ, 1996ರಿಂದ ಮನೋವೈದ್ಯರ ಬಳಿ ಆಡಿದ ಮಾತಿಗೂ ರಕ್ಷಣೆ ಕೊಡುತ್ತವೆ. ಮಗಳು ತಾಯಿಯ ಬಳಿ ಆಡಿದ ಮಾತಿಗೆ ಇಲ್ಲ. ಫೀಸು ಕೊಟ್ಟು ಹೇಳಿಕೊಂಡ ದುಃಖಕ್ಕೆ ಇರೋ ಬೆಲೆ ಅಡುಗೆಮನೆಯಲ್ಲಿ ಹೇಳಿಕೊಂಡ ದುಃಖಕ್ಕಿಲ್ಲ.

ನಮ್ಮಲ್ಲಿ ಗ್ರ್ಯಾಂಡ್ ಜ್ಯೂರಿ ಇಲ್ಲ, ಆದರೆ ಪ್ರಶ್ನೆ ಇದೆ. ನಮ್ಮ ಸಂವಿಧಾನದ 20(3)ನೇ ವಿಧಿ ಐದನೇ ತಿದ್ದುಪಡಿಯ ಹತ್ತಿರದ ನೆಂಟ. ನಮ್ಮ ಮಾಫಿ ಸಾಕ್ಷಿ ಪದ್ಧತಿಯಲ್ಲಿ ಕೋರ್ಟು ಮಾಫಿ ಕೊಡ್ತೀನಿ ಅನ್ನಬಹುದು, ಅದನ್ನ ಒಪ್ಪೋದು ಬಿಡೋದು ಆ ವ್ಯಕ್ತಿಗೆ ಸೇರಿದ್ದು. ಈ ಒಂದು ವಿಷಯದಲ್ಲಿ ನಮ್ಮ ಕಾನೂನು ಅಮೆರಿಕದ್ದಕ್ಕಿಂತ ಮೃದು. ಹಾಗಂತ ಬೀಗೋ ಹಾಗಿಲ್ಲ. ಛಾಪಾ ಕಾಗದ ಹಗರಣದ ತೆಲಗಿಯ ನಾರ್ಕೋ ಪರೀಕ್ಷೆಯ ದೃಶ್ಯಗಳು ಟೀವಿಯಲ್ಲಿ ಬಂದಾಗ ಅದನ್ನ ಮನರಂಜನೆಯ ಥರ ನೋಡಿದವರು ನಾವು. ಇಂಜೆಕ್ಷನ್ ಕೊಟ್ಟು ಅರೆಪ್ರಜ್ಞೆಯಲ್ಲಿ ಬಾಯಿ ಬಿಡಿಸೋದು ಅಂದರೆ ಸಾಕ್ಷಿಗೆ ಸುಮ್ಮನಿರೋ ಆಯ್ಕೆಯೇ ಇಲ್ಲ, ಜೈಲಿಗೆ ಹೋಗ್ತೀನಿ ಅನ್ನೋ ಆಯ್ಕೆ ಕೂಡ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ 2010ರ ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿತು: ಒಪ್ಪಿಗೆ ಇಲ್ಲದೆ ಯಾರ ಮೇಲೂ ಇಂಥ ಪರೀಕ್ಷೆ ಮಾಡುವಂತಿಲ್ಲ, ಆರೋಪಿ ಆಗಿರಲಿ, ಸಾಕ್ಷಿ ಆಗಿರಲಿ.

ನಾಳೆ ನಮ್ಮಲ್ಲಿ ಯಾರಿಗಾದರೂ ಸಾಕ್ಷಿ ಹೇಳೋಕೆ ಕರೆ ಬರಬಹುದು. ಆಫೀಸಿನ ಇಮೇಲ್ ಬಗ್ಗೆಯೋ, ಪಕ್ಕದ ಮನೆಯ ಜಗಳದ ಬಗ್ಗೆಯೋ, ಕಣ್ಣೆದುರೇ ಆದ ಅಪಘಾತದ ಬಗ್ಗೆಯೋ. ಹೋಗಬೇಕು, ಗೊತ್ತಿದ್ದನ್ನ ಹೇಳಬೇಕು, ಅದು ನಾವು ಇನ್ನೊಬ್ಬರಿಗೆ ತೀರಿಸಬೇಕಾದ ಋಣ. ಆದರೆ ಆ ಋಣ ಕೇಳೋ ಸರ್ಕಾರಕ್ಕೂ ಒಂದು ಜವಾಬ್ದಾರಿ ಇದೆ. ಅಧ್ಯಕ್ಷರಿಗೆ ಯಾವ ಕುರ್ಚಿ ಹಾಕಿ, ಪಕ್ಕದಲ್ಲಿ ಯಾರನ್ನ ಕೂರಿಸಿ, ಎಷ್ಟು ಗಂಟೆ ಅಂತ ಮೊದಲೇ ಹೇಳಿ ಪ್ರಶ್ನೆ ಕೇಳಿದರೋ, ಮಗಳ ಬಗ್ಗೆ ಹೇಳೋಕೆ ಬಂದ ತಾಯಿಗೂ ಹಾಗೇ ಕೇಳಬೇಕು. ಅಷ್ಟು ಮಾಡಿದ ಮೇಲೆ ಒತ್ತಾಯ ಮಾಡಲಿ, ನನ್ನ ಅಭ್ಯಂತರ ಇಲ್ಲ.